ಕೀಲಿಮಣೆಯ ರೋಗನಿದಾನ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ನಿದಾನ. ರೋಗ ಎಲ್ಲಿದೆ, ಯಾವ ಕಾರಣದಿಂದ ಹುಟ್ಟಿದೆ ಎಂದು ತಿಳಿಯದೆ ಕೊಟ್ಟ ಔಷಧ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಯಂತ್ರಗಳ ವಿಷಯದಲ್ಲಿಯೂ ಮಾತು ಇದೇ. ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೂಕವಾದರೆ ತಿಳಿದವರು ಒಡನೆಯೇ ಅದರ ಬೆನ್ನಿನ ಹಲಗೆಯನ್ನು ಬಿಚ್ಚುವುದಿಲ್ಲ. ವಿದ್ಯುತ್ತು ಬರುತ್ತಿದೆಯೆ, ಪ್ಲಗ್ಗು ಸರಿಯಾಗಿ ಕೂತಿದೆಯೆ, ಏರಿಯಲ್ಲಿನ ತಂತಿ ಕಡಿದಿದೆಯೆ, ಮುಳ್ಳು ನಿಲಯದ ಮೇಲೆಯೇ ನಿಂತಿದೆಯೆ ಎಂದು ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗುತ್ತಾರೆ. ಗಣಕಯಂತ್ರದ ಕೀಲಿಮಣೆ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮಕ್ಕೂ ಇಂತಹದೇ ಒಂದು ಇತಿಹಾಸವುಂಟು. ನಲವತ್ತು ವರ್ಷಗಳಿಗೂ ಹಿಂದೆ, ಮನೆಯ ಮೇಜಿನ ಮೇಲೆ ಹಿಡಿಸುವ ಗಣಕಗಳು ಬಂದಾಗ ರೂಪುಗೊಂಡ ಕ್ರಮ ಅದು. ಅವನ್ನು ಕಟ್ಟಿದವರು ತಮ್ಮ ಯಂತ್ರ ಒಂದಲ್ಲ ಒಂದು ದಿನ ಕೆಡುತ್ತದೆಂದು ಮೊದಲೇ ಒಪ್ಪಿಕೊಂಡಿದ್ದರು; ಕೆಟ್ಟಾಗ ಬಳಸುವವನೇ ದೋಷದ ಜಾಗವನ್ನು ಕಂಡುಕೊಳ್ಳಲೆಂದು ದಾರಿಯನ್ನೂ ತೆರೆದಿಟ್ಟಿದ್ದರು. ಈ ಗುಣ ಈಚೆಗೆ ಕಡಮೆಯಾಗುತ್ತಿದೆಯೆಂದು ನನಗೆ ತೋರುವುದರಿಂದ ಈ ಬರಹ.

ಕೀಲಿಮಣೆಯ ಹಿರಿಯಜ್ಜ ಬೆರಳಚ್ಚು ಯಂತ್ರ. ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವನ ಜೊತೆಗಾರರು ೧೮೬೮ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು; ಬಂದೂಕು, ಹೊಲಿಗೆಯಂತ್ರಗಳನ್ನು ಮಾಡುತ್ತಿದ್ದ ರೆಮಿಂಗ್ಟನ್ ಕಾರ್ಖಾನೆಯಿಂದ ೧೮೭೪ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಯಂತ್ರದಲ್ಲಿ ಕೀಲಿಗೂ ಅಕ್ಷರಕ್ಕೂ ನಡುವೆ ಇದ್ದುದು ಲೋಹದ ಸನ್ನೆ ಮಾತ್ರ. ಬೆರಳು ಒತ್ತಿದರೆ ಸನ್ನೆ ಎದ್ದು, ಅಚ್ಚು ಹೋಗಿ ಕಾಗದಕ್ಕೆ ಬಡಿಯುತ್ತಿತ್ತು. ಆದ್ದರಿಂದ ದೋಷವೂ ಕಣ್ಣಿಗೆ ಕಾಣುತ್ತಿತ್ತು. ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಕೂತು ಅರ್ಜಿ ಹೊಡೆದು ಕೊಡುತ್ತಿದ್ದ ಟೈಪಿಸ್ಟರನ್ನು ನಮ್ಮ ಪೀಳಿಗೆಯವರು ಚೆನ್ನಾಗಿ ನೋಡಿದ್ದೇವೆ. ಅಕ್ಷರದ ಹೊಟ್ಟೆ ಮಸಿಯಿಂದ ತುಂಬಿಕೊಂಡಿತೋ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಎರಡು ಸಲ ತೀಡಿದರೆ ಮುಗಿಯಿತು. ಎರಡು ಸನ್ನೆಗಳು ಸಿಕ್ಕಿಕೊಂಡವೋ, ಬೆರಳಿನಿಂದಲೇ ಬಿಡಿಸಿದರೆ ಆಯಿತು. ಅಲ್ಲಿ ನಿದಾನಕ್ಕೆ ಶಾಸ್ತ್ರವೇ ಬೇಕಿರಲಿಲ್ಲ.

ಗಣಕದಲ್ಲಿ ಹಾಗಲ್ಲ. ಒತ್ತಿದ ಕೀಲಿಗೂ ತೆರೆಯ ಮೇಲೆ ಮೂಡುವ ಅಕ್ಷರಕ್ಕೂ ನಡುವೆ ಕಣ್ಣಿಗೆ ಕಾಣದ ಹಲವು ಮೆಟ್ಟಿಲುಗಳಿವೆ. ಮೊದಮೊದಲಿನ ಗಣಕಗಳಲ್ಲಿ, ಉದಾಹರಣೆಗೆ ೧೯೭೭ರ ಆಪಲ್ ಟೂ ಯಂತ್ರದಲ್ಲಿ, ಕೀಲಿಮಣೆ ಗಣಕದ ಪೆಟ್ಟಿಗೆಯಲ್ಲಿಯೇ ಸೇರಿಕೊಂಡಿತ್ತು. ಕೀಲಿ ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಬೇಕು. ೧೯೮೧ರ ಆಗಸ್ಟ್ ೧೨ರಂದು ಐ.ಬಿ.ಎಂ. ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಕೀಲಿಮಣೆ ಬೇರೆಯಾಯಿತು. ಅದರಲ್ಲಿ ೮೩ ಕೀಲಿಗಳು. ಗಣಕಕ್ಕೂ ಅದಕ್ಕೂ ಸಂಬಂಧ ಸುರುಳಿ ಸುತ್ತಿದ ಆರು ಅಡಿಯ ಒಂದು ತಂತಿಯಿಂದ. ತೊಡೆಯ ಮೇಲೆ ಇಟ್ಟುಕೊಂಡು ಹೊಡೆಯಬಹುದೆಂಬುದು ಅದರ ಹೆಚ್ಚುಗಾರಿಕೆಯೆಂದು ಆಗ ಜಾಹೀರು ಮಾಡಿದರು. ನನ್ನ ದೃಷ್ಟಿಯಲ್ಲಿ ದೊಡ್ಡ ಲಾಭ ಬೇರೆಯೇ ಇತ್ತು: ಬಿಡಿಸಿ ಬೇರೆಮಾಡಲು ಬರುವ ವಸ್ತುವನ್ನು ಮಾತ್ರವೇ ಬಿಡಿಸಿ ಪರೀಕ್ಷಿಸಲು ಬರುತ್ತದೆ.

ಈ ಮಣೆಯ ಒಳಗೆ ಇಂಟೆಲ್ ಸಂಸ್ಥೆಯ ೮೦೪೮ ಎಂಬ ಪುಟ್ಟ ಸಂಸ್ಕಾರಕವೊಂದು ಕೂತಿತ್ತು. ಕೀಲಿಗಳನ್ನು ಬಿಡುವಿಲ್ಲದೆ ಗಸ್ತು ತಿರುಗಿ ನೋಡುತ್ತಿರುವುದು ಅದರ ಕೆಲಸ. ಒತ್ತಿದ್ದು ಇಂಥ ಅಕ್ಷರ ಎಂಬ ಸಂಗತಿ ಅದಕ್ಕೆ ಗೊತ್ತೇ ಇರಲಿಲ್ಲ. ಅದು ಗಣಕಕ್ಕೆ ಕಳುಹಿಸುತ್ತಿದ್ದುದು ಸ್ಥಾನದ ಸಂಖ್ಯೆಯನ್ನಷ್ಟೆ. ಇದಕ್ಕೆ ಸ್ಕ್ಯಾನ್ ಕೋಡ್ ಎಂದು ಹೆಸರು. ಶಿಕ್ಷಾಶಾಸ್ತ್ರದಲ್ಲಿ ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂದು ಸ್ಥಾನಗಳನ್ನು ಹೇಳುವುದುಂಟಲ್ಲವೆ? ನಾಲಗೆ ತಾಗಿದ ಜಾಗದಿಂದ ವರ್ಣವನ್ನು ಗುರುತಿಸುವಂತೆ, ಇಲ್ಲಿ ಬೆರಳು ತಾಗಿದ ಜಾಗದಿಂದ ಅಕ್ಷರವನ್ನು ಗುರುತಿಸಬೇಕು. ಇಂಗ್ಲಿಷಿನ ಎ ಅಕ್ಷರವಿರುವ ಕೀಲಿಯನ್ನು ಒತ್ತಿದರೆ ೩೦ ಎಂಬ ಸಂಖ್ಯೆ ಹೋಗುತ್ತಿತ್ತು; ಬೆರಳು ಎತ್ತಿದರೆ ಅದಕ್ಕೆ ೧೨೮ ಕೂಡಿಸಿದ ೧೫೮ ಹೋಗುತ್ತಿತ್ತು. ದೊಡ್ಡಕ್ಷರವೋ ಚಿಕ್ಕಕ್ಷರವೋ ಎಂಬ ತೀರ್ಮಾನ ಗಣಕದ್ದು. ಅದು ಶಿಫ್ಟ್ ಕೀಲಿ ಒತ್ತಿದ ಸುದ್ದಿಯನ್ನೂ ಬಿಟ್ಟ ಸುದ್ದಿಯನ್ನೂ ನೆನಪಿನಲ್ಲಿಟ್ಟುಕೊಂಡು ನಿರ್ಧರಿಸಬೇಕು.

ಇದನ್ನು ತಿಳಿದವನಿಗೆ ಹಲವು ‘ರೋಗ’ಗಳು ರೋಗವೇ ಅಲ್ಲವೆಂದು ಗೊತ್ತಾಗುತ್ತದೆ. ಶಿಫ್ಟ್ ಕೀಲಿಯನ್ನು ಬಿಟ್ಟ ಸುದ್ದಿ ದಾರಿಯಲ್ಲಿ ಕಳೆದುಹೋದರೆ, ಬೆರಳು ಎತ್ತಿದ್ದರೂ ಗಣಕ ಅದು ಒತ್ತಿಯೇ ಇದೆಯೆಂದು ನಂಬಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಮೂಡಿಸುತ್ತದೆ. ಮತ್ತೊಮ್ಮೆ ಒತ್ತಿ ಬಿಟ್ಟರೆ ಭ್ರಮೆ ಹರಿಯುತ್ತದೆ. ೧೯೮೧ರ ಮಣೆಯಲ್ಲಿ ಅಂಕಿಗಳಿಗೂ ಬಾಣದ ಗುರುತುಗಳಿಗೂ ಒಂದೇ ಕೀಲಿಗಳು. ನಮ್ ಲಾಕ್ ಎಂಬುದನ್ನು ಅರಿಯದೆ ಒತ್ತಿದವನು ಬಾಣವನ್ನು ಒತ್ತಿದರೆ ಅಂಕಿ ಬರುತ್ತದಲ್ಲಾ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಯಾವುದು ಹಾಕಿದೆ, ಯಾವುದು ತೆಗೆದಿದೆ ಎಂದು ತೋರಿಸುವ ದೀಪಗಳೇ ಆ ಮಣೆಯಲ್ಲಿರಲಿಲ್ಲ! ಇಷ್ಟು ದೊಡ್ಡ ಸಂಸ್ಥೆ ಇಷ್ಟು ಚಿಕ್ಕ ವಿಷಯವನ್ನು ಹೇಗೆ ಬಿಟ್ಟಿತೋ! ೧೯೮೪ರ ಮಾದರಿಯಲ್ಲಿ ಅದನ್ನು ತಿದ್ದಿ ಮೂರು ದೀಪಗಳನ್ನಿಟ್ಟರು.

ಇನ್ನು ನಿಜವಾದ ರೋಗಗಳಿಗೆ ಬರೋಣ. ಈ ಗಣಕಕ್ಕೆ ವಿದ್ಯುತ್ತು ಕೊಟ್ಟೊಡನೆ ಅದು ಬೇರಾವ ಕೆಲಸಕ್ಕೂ ತೊಡಗುವ ಮುನ್ನ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಎಲ್ಲವೂ ಸರಿಯಿದ್ದರೆ ಒಂದು ಸಲ ‘ಬೀಪ್’ ಎಂದು ಕೂಗುವುದು. ಕೀಲಿಮಣೆಯಲ್ಲಿ ದೋಷವಿದ್ದರೆ ತೆರೆಯ ಮೇಲೆ ೩೦೧ ಎಂಬ ಸಂಖ್ಯೆ. ಅದರ ಹಿಂದೆ ಇನ್ನೆರಡು ಅಂಕಿಗಳಿದ್ದರೆ ಅವು ಸಿಕ್ಕಿಕೊಂಡಿರುವ ಕೀಲಿಯ ಸ್ಥಾನ. ಉದಾಹರಣೆಗೆ, ೩೯ ೩೦೧ ಎಂದು ಬಂದಿದೆಯೆನ್ನಿ. ಈ ಮೂವತ್ತೊಂಬತ್ತು ಹದಿನಾರರ ಲೆಕ್ಕದ್ದು. ಮೂರು ಹದಿನಾರು ನಲವತ್ತೆಂಟು, ಅದಕ್ಕೆ ಒಂಬತ್ತು ಕೂಡಿದರೆ ೫೭. ಐವತ್ತೇಳನೆಯ ಸ್ಥಾನವೆಂದರೆ ಪದಗಳ ನಡುವೆ ತೆರವು ಬಿಡುವ ಉದ್ದನೆಯ ಪಟ್ಟಿ. ಅದು ಕೆಳಕ್ಕೆ ಕೂತು ಮೇಲೇಳುತ್ತಿಲ್ಲ ಎಂದರ್ಥ. ನಾಡಿ ನೋಡದೆಯೇ ರೋಗಿ ತನ್ನ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿದ ಹಾಗಾಯಿತಲ್ಲ! ಸಂಸ್ಥೆ ಇಷ್ಟಕ್ಕೇ ನಿಲ್ಲದೆ, ಆ ಗಣಕದ ವಿದ್ಯುನ್ಮಾರ್ಗಗಳ ನಕ್ಷೆಗಳನ್ನೂ ಮೂಲಕ್ರಮವಿಧಿಯ ಪೂರ್ತಿ ಪಾಠವನ್ನೂ ಪುಸ್ತಕವಾಗಿ ಅಚ್ಚು ಹಾಕಿಸಿ ಮಾರಿತು.

ಈ ಸಂದರ್ಭದಲ್ಲಿ ಗಣಕದವರ ನಡುವೆ ಪ್ರಚಾರದಲ್ಲಿರುವ ಒಂದು ನಗೆಮಾತನ್ನು ಹೇಳಬಹುದು. ೧೯೮೪ರ ನಂತರದ ಯಂತ್ರಗಳಲ್ಲಿ ‘ಕೀಲಿಮಣೆಯಲ್ಲಿ ದೋಷವಿದೆ, ಮುಂದುವರಿಯಲು ಎಫ್-೧ ಕೀಲಿಯನ್ನು ಒತ್ತಿ’ ಎಂಬ ಅರ್ಥದ ಸೂಚನೆ ಬರುತ್ತಿತ್ತು. ಬಾಯಿ ಹೋದವನಿಗೆ ‘ಬಾಯಿ ಬಂದಿದ್ದರೆ ಹೇಳು’ ಎಂದಂತೆ! ಆದರೆ ಸಡಿಲವಾದ ಪ್ಲಗ್ಗನ್ನು ಒತ್ತಿ ಕೂರಿಸಿ, ಬಳಿಕ ಎಫ್-೧ ಒತ್ತಿದವನಿಗೆ ಆ ಸೂಚನೆ ಅಷ್ಟೇನೂ ಹಾಸ್ಯಾಸ್ಪದವಾಗಿ ಕಂಡಿರಲಾರದು.

ಮಣೆಯ ಒಳಗೆ ತಂತಿಗಳು ಚದುರಂಗದ ಮಣೆಯಂತೆ ಅಡ್ಡಸಾಲು, ಉದ್ದಸಾಲುಗಳಾಗಿ ಹರಡಿರುತ್ತವೆ. ಎರಡು ಸಾಲುಗಳು ಕೂಡುವ ಮನೆಯೇ ಒಂದು ಕೀಲಿ. ಆದುದರಿಂದ ಲಕ್ಷಣವನ್ನು ನೋಡಿಯೇ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಒಂದೇ ಕೀಲಿ ಸತ್ತಿದ್ದರೆ ದೋಷ ಆ ಮನೆಯಲ್ಲಿ: ಧೂಳು, ಕೂದಲು, ಬಿಸ್ಕತ್ತಿನ ಪುಡಿ, ಇಲ್ಲವೆ ಸವೆದ ಸ್ಪರ್ಶ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಏಳೆಂಟು ಕೀಲಿಗಳು ಒಟ್ಟಿಗೆ ಸತ್ತಿದ್ದರೆ ಸಾಲಿನ ತಂತಿಯೇ ಕಡಿದಿದೆ. ಮೂರು ಕೀಲಿಗಳನ್ನು ಕೂಡಿಯೇ ಒತ್ತಿದಾಗ ಒತ್ತದ ನಾಲ್ಕನೆಯ ಅಕ್ಷರ ಮೂಡಿದರೆ ಅದು ರೋಗವಲ್ಲ, ಅಗ್ಗದ ಮಣೆಯ ಹುಟ್ಟುಗುಣ. ಮೂರು ಮೂಲೆಗಳು ಸೇರಿದರೆ ಅದಕ್ಕೆ ನಾಲ್ಕನೆಯದೂ ಸೇರಿದಂತೆ ತೋರುತ್ತದೆ. ಎಲ್ಲ ಕೀಲಿಗಳೂ ಮೂಕವಾಗಿದ್ದರೆ ಮಣೆಯನ್ನು ಬಿಚ್ಚುವ ಮೊದಲು ತಂತಿಯನ್ನು ನೋಡಬೇಕು. ಹಳೆಯ ಪ್ಲಗ್ಗಿನ ಐದು ಕಡ್ಡಿಗಳಲ್ಲಿ ಒಂದು ತಾಳ ಹಾಕುವುದಕ್ಕೆ, ಒಂದು ಸುದ್ದಿಗೆ, ಒಂದು ಮೊದಲಿಗೆ ಮರಳಿಸುವುದಕ್ಕೆ, ಒಂದು ಭೂಸಂಪರ್ಕಕ್ಕೆ, ಇನ್ನೊಂದು ಐದು ವೋಲ್ಟಿನ ವಿದ್ಯುತ್ತಿಗೆ. ತಂತಿ ಮಣೆಯನ್ನು ಹೊಗುವಲ್ಲಿ ಬಗ್ಗಿ ಬಗ್ಗಿ ಒಳಗಿನ ಎಳೆ ಕಡಿಯುವುದು ಬಹು ಸಾಮಾನ್ಯ. ಹೊರಗಿನ ಹೊದಿಕೆ ಸುಭದ್ರವಾಗಿಯೇ ಕಾಣುತ್ತದೆ.

೧೯೮೧ರ ಮಣೆ ಮಾತ್ರ ಬಹಳ ಗಟ್ಟಿ. ಅದರಲ್ಲಿ ಲೋಹಕ್ಕೆ ಲೋಹ ತಾಗುತ್ತಲೇ ಇರಲಿಲ್ಲ. ಒತ್ತಿದಾಗ ಸುರುಳಿ ಸ್ಪ್ರಿಂಗು ಬಳುಕಿ, ಕೆಳಗಿನ ಪುಟ್ಟ ಹಲಗೆಯೊಂದು ಹೊರಳಿ, ವಿದ್ಯುತ್ತಿನ ಧಾರಣೆ ಬದಲಾಗುತ್ತಿತ್ತು; ಆ ಬದಲಾವಣೆಯೇ ಸಂಕೇತ. ಮುಂದೆ ಬಂದ ಅಗ್ಗದ ಮಣೆಗಳಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನ ಗುಮ್ಮಟ, ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆ. ಇದರ ಮೇಲೆ ಸಕ್ಕರೆ ಹಾಕಿದ ಕಾಫಿ ಚೆಲ್ಲಿದರೆ ಪದರಗಳು ಅಂಟಿಕೊಳ್ಳುತ್ತವೆ. ಕೂಡಲೆ ವಿದ್ಯುತ್ತು ತೆಗೆದು, ಬೋರಲು ಹಾಕಿ ಬಸಿದು, ಬಟ್ಟಿಯಿಳಿಸಿದ ನೀರಿನಿಂದ ಅಂಟನ್ನು ತೊಳೆದು, ಎರಡು ಮೂರು ದಿನ ನೆರಳಿನಲ್ಲಿ ಆರಿಸಿದರೆ ಬದುಕಿಕೊಂಡರೂ ಬದುಕಿಕೊಂಡೀತು. ಕೀಲಿಯ ಟೋಪಿಗಳನ್ನು ಮೇಲಕ್ಕೆ ಎಬ್ಬಿ ತೆಗೆಯಬಹುದು. ಆದರೆ ತೆರವಿನ ಪಟ್ಟಿಯನ್ನು ಅನಾವಶ್ಯಕವಾಗಿ ಎಬ್ಬಬಾರದು. ಅದರ ಕೆಳಗಿನ ಸಣ್ಣ ಸಮತೋಲದ ತಂತಿಯನ್ನು ಮತ್ತೆ ಕೂರಿಸುವುದರೊಳಗೆ ಸಹನೆಯ ಪರೀಕ್ಷೆಯಾಗುತ್ತದೆ.

೧೯೮೪ರ ಆಗಸ್ಟಿನಲ್ಲಿ ಅದೇ ಸಂಸ್ಥೆ ಏ.ಟಿ. ಎಂಬ ಹೊಸ ಮಾದರಿಯನ್ನು ತಂದಿತು. ಅದರ ಮಣೆಯಲ್ಲಿ ೮೪ ಕೀಲಿಗಳು. ಹಿಂದೆ ಮಣೆ ಹೇಳುವುದು, ಗಣಕ ಕೇಳುವುದು ಎಂದಿದ್ದುದು ಈಗ ಸಂಭಾಷಣೆಯಾಯಿತು. ಗಣಕವೂ ಮಣೆಗೆ ‘ದೀಪ ಹಚ್ಚು’ ಎಂದು ಹೇಳಬಹುದು. ಇದರಿಂದ ಪರೀಕ್ಷಕನಿಗೆ ಒಂದು ಸುಲಭೋಪಾಯ ದೊರೆಯಿತು. ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಹತ್ತಿ ಆರಿದರೆ ಮಣೆ, ತಂತಿ, ಗಣಕ ಮೂರೂ ಬದುಕಿವೆ, ದೋಷ ಕ್ರಮವಿಧಿಯಲ್ಲಿದೆ ಎಂದು ಕುಳಿತಲ್ಲಿಯೇ ಹೇಳಬಹುದು. ಆದರೆ ಈ ಮಾದರಿಯಲ್ಲಿ ಸ್ಥಾನಸಂಖ್ಯೆಗಳನ್ನೇ ಬದಲಿಸಿಬಿಟ್ಟರು. ಎ ಕೀಲಿಗೆ ೩೦ ಹೋಗಿ ೨೮ ಬಂತು. ಹಳೆಯ ಕ್ರಮವಿಧಿಗಳು ಕೆಡದಿರಲೆಂದು ಗಣಕದ ಒಳಗೆ ಒಬ್ಬ ದುಭಾಷಿಯನ್ನು, ಎಂದರೆ ಇನ್ನೊಂದು ಸಂಸ್ಕಾರಕವನ್ನು ಕೂರಿಸಿ ೨೮ನ್ನು ಮತ್ತೆ ೩೦ ಮಾಡಿಸಿದರು. ಪ್ಲಗ್ಗನ್ನು ಮಾತ್ರ ಬದಲಿಸಲಿಲ್ಲ! ಹಳೆಯ ಮಣೆ ಹೊಸ ಗಣಕಕ್ಕೆ ಅಂದವಾಗಿ ಕೂರುತ್ತಿತ್ತು, ಆದರೆ ಮಾತು ಮಾತ್ರ ಆಡುತ್ತಿರಲಿಲ್ಲ. ಸರಿಯಾಗಿಯೇ ಇರುವ ಎಷ್ಟು ಮಣೆಗಳು ಈ ಕಾರಣದಿಂದ ಗುಜರಿ ಸೇರಿದವೋ! ಬೇರೆ ತಯಾರಕರು ಮಣೆಯ ಅಡಿಯಲ್ಲಿ ಎಕ್ಸ್-ಏ ಎಂದು ಬರೆದ ಒಂದು ಚಿಕ್ಕ ಜಾರುಸ್ವಿಚ್ಚನ್ನಿಟ್ಟು ಈ ತೊಡಕನ್ನು ಪರಿಹರಿಸಿದರು. ಮಣೆಯನ್ನು ಮಗುಚಿ ನೋಡುವ ಅಭ್ಯಾಸವಿದ್ದವರಿಗೆ ಅದು ಕಂಡಿತು.

ಈ ಮಾದರಿಯ ಗಣಕದ ಮುಖದ ಮೇಲೆ ಇನ್ನೊಂದು ಹೊಸ ವಸ್ತುವಿತ್ತು, ಒಂದು ಪುಟ್ಟ ಬೀಗ. ಅದನ್ನು ತಿರುವಿದರೆ ಕೀಲಿಮಣೆಯ ಮಾತಿಗೆ ಗಣಕ ಕಿವಿಗೊಡುವುದಿಲ್ಲ. ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ನಡೆಯಿತು. ಯಾವುದೋ ಕಚೇರಿಯವರು ದಾನವಾಗಿ ಕೊಟ್ಟ ಇಂತಹ ಹಳೆಯ ಗಣಕವೊಂದು ಅಲ್ಲಿತ್ತು. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಹೆಡ್‌ಮಾಸ್ತರರು ಸುತ್ತಲ ಹಳ್ಳಿಗಳ ಮುದುಕಿಯರ ಬಾಯಿಂದ ಬರೆದುಕೊಂಡ ಸೋಬಾನೆ ಪದಗಳನ್ನೂ ರಾಗಿ ಬೀಸುವ ಪದಗಳನ್ನೂ ವರ್ಷಗಟ್ಟಲೆ ಸಂಜೆ ಕೂತು ಅದರಲ್ಲಿ ತುಂಬಿದ್ದರು. ಹಾಡಿದವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ತೀರಿಕೊಂಡಿದ್ದರು. ಬರೆದಿಟ್ಟ ನೋಟುಪುಸ್ತಕಗಳಲ್ಲಿ ಅರ್ಧ ಗೆದ್ದಲ ಪಾಲಾಗಿದ್ದವು. ಆಗಿನ ಕನ್ನಡ ತಂತ್ರಾಂಶಗಳು ಒಂದೊಂದೂ ತನ್ನದೇ ಸಂಕೇತಗಳನ್ನು ಬಳಸುತ್ತಿದ್ದುದರಿಂದ ಬೇರೆ ಯಂತ್ರದಲ್ಲಿ ಆ ಪದಗಳು ತೆರೆಯುವ ಭರವಸೆಯೂ ಇರಲಿಲ್ಲ.

ಬೇಸಿಗೆ ರಜೆ ಮುಗಿದು ಬಂದು ನೋಡಿದರೆ ಕೀಲಿಮಣೆ ಸ್ತಬ್ಧ. ಜಿಲ್ಲಾಕೇಂದ್ರದಿಂದ ಬಂದ ರಿಪೇರಿಯವನು ಐದು ನಿಮಿಷ ನೋಡಿ, ಒಳಗಿನ ಮುಖ್ಯ ಫಲಕವೇ ಹೋಗಿದೆ, ಈ ಯಂತ್ರಕ್ಕೆ ದುಡ್ಡು ಸುರಿಯುವುದು ದಂಡ, ಗುಜರಿಗೆ ಹಾಕಿ ಎಂದು ತೀರ್ಪುಕೊಟ್ಟು ಬಸ್ಸಿನ ಖರ್ಚು ತೆಗೆದುಕೊಂಡು ಹೊರಟುಹೋದ. ಹೆಡ್‌ಮಾಸ್ತರರು ಆ ದಿನ ಊಟ ಮಾಡಲಿಲ್ಲ. ನಮ್ಮ ವಿಜ್ಞಾನದ ಮೇಷ್ಟರು ಮಾತ್ರ ತೀರ್ಪನ್ನು ಒಪ್ಪಲಿಲ್ಲ. ಬ್ಯಾಂಕಿನಿಂದ ಅದೇ ಜಾತಿಯ ಇನ್ನೊಂದು ಮಣೆಯನ್ನು ಎರವಲು ತಂದು ಹಾಕಿದರು; ಅದೂ ಮೂಕ. ನಮ್ಮ ಮಣೆಯನ್ನು ಬ್ಯಾಂಕಿನ ಗಣಕಕ್ಕೆ ಹಾಕಿದರು, ಅದು ಮಾತಾಡಿತು! ಅಲ್ಲಿಗೆ ಮಣೆಯೂ ತಂತಿಯೂ ನಿರ್ದೋಷಿಗಳೆಂದಾಯಿತು.

ನ್ಯಾಯಶಾಸ್ತ್ರ ಓದಿದವರಿಗೆ ಇದು ಅನ್ವಯ-ವ್ಯತಿರೇಕವೆಂದು ಹೊಳೆದಿರಬೇಕು. ಹೊಗೆಯಿದ್ದಲ್ಲಿ ಬೆಂಕಿಯಿದೆ, ಅಡಿಗೆಮನೆಯಲ್ಲಿರುವಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಮಡುವಿನಲ್ಲಿರುವಂತೆ. ಒಂದನ್ನು ಸೇರಿಸಿ ನೋಡು, ಅದನ್ನೇ ತೆಗೆದು ನೋಡು, ಮಿಕ್ಕದ್ದನ್ನು ಮುಟ್ಟಬೇಡ. ಗಣಕದ ರಿಪೇರಿಯವರು ಅದಲುಬದಲು ಪರೀಕ್ಷೆ ಎನ್ನುವುದು ಇದನ್ನೇ. ಒಂದೇ ಸಲ ಮಣೆಯನ್ನೂ ತಂತಿಯನ್ನೂ ಕ್ರಮವಿಧಿಯನ್ನೂ ಬದಲಿಸಿದವನ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಬಳಿಕ ಮೇಷ್ಟರು ಗಣಕವನ್ನು ಆರಿಸಿ ಹೊತ್ತಿಸಿ ತೆರೆಯನ್ನೇ ದಿಟ್ಟಿಸಿ ನೋಡಿದರು. ರಿಪೇರಿಯವನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಖ್ಯೆ ಅಲ್ಲಿತ್ತು, ೩೦೨. ಯಂತ್ರದ ಜೊತೆ ಬಂದಿದ್ದ ಕೈಪಿಡಿಯಲ್ಲಿ ಅದಕ್ಕೆ ಕೊಟ್ಟಿದ್ದ ಅರ್ಥ: ಗಣಕಕ್ಕೆ ಬೀಗ ಹಾಕಿದೆ. ಜವಾನನನ್ನು ಕರೆಸಿ ಕೇಳಿದರೆ, “ನೀವೇ ಹೇಳಿದ್ರಲ್ಲಾ ಸ್ವಾಮಿ, ರಜಾಕ್ಕೆ ಎಲ್ಲಾದ್ಕೂ ಬೀಗ ಹಾಕು ಅಂತ. ಆ ಪೆಟ್ಟಿಗೆಗೂ ಹಾಕಿವ್ನಿ” ಎಂದು ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದುಕೊಟ್ಟ. ಕೀಲಿಮಣೆಗೇ ಕೀಲಿ ಬಿದ್ದಿತ್ತು! ಅದೇ ವಾರದಲ್ಲಿ ಹೆಡ್‌ಮಾಸ್ತರರು ಆ ಪದಗಳನ್ನೆಲ್ಲ ಕರಕರ ಸದ್ದಿನ ಮುದ್ರಕದಲ್ಲಿ ಕಾಗದಕ್ಕೆ ಇಳಿಸಿಕೊಂಡರು.

೧೯೮೭ರಲ್ಲಿ ಐ.ಬಿ.ಎಂ.ನವರ ಪಿ.ಎಸ್.-೨ ಯಂತ್ರಗಳೊಡನೆ ಆರು ಕಡ್ಡಿಯ ಚಿಕ್ಕ ಪ್ಲಗ್ಗು ಬಂತು. ಭಾಷೆ ಏ.ಟಿ.ಯದೇ ಆದ್ದರಿಂದ ಚಿಕ್ಕದೊಂದು ಕೂಡುಪ್ಲಗ್ಗಿನಿಂದ ಹಳೆಯ ಮಣೆಯನ್ನು ಬಳಸಬಹುದಾಯಿತು. ಆದರೆ ಮೌಸಿಗೂ ಅದೇ ಆಕಾರದ ಪ್ಲಗ್ಗು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಎರಡೂ ಕೆಟ್ಟುವೆಂದು ಗಾಬರಿಪಟ್ಟವರು ಎಷ್ಟೋ ಮಂದಿ. ಮುಂದೆ ಮಣೆಗೆ ನೇರಳೆ, ಮೌಸಿಗೆ ಹಸುರು ಎಂದು ಬಣ್ಣ ಕಟ್ಟಿದರು. ಯಂತ್ರ ನಡೆಯುತ್ತಿರುವಾಗ ಈ ಪ್ಲಗ್ಗನ್ನು ಕಿತ್ತು ಹಾಕಿದರೆ ಒಳಗಿನ ಸಣ್ಣ ಫ್ಯೂಸು ಸುಟ್ಟುಹೋಗುವ ಭಯವೂ ಇತ್ತು. ೧೯೯೬ರಲ್ಲಿ ಬಂದ ಯು.ಎಸ್.ಬಿ. ಈ ಎರಡು ಕಾಟಗಳನ್ನೂ ಕಳೆಯಿತು. ಹಳೆಯದೆಲ್ಲ ಹೊನ್ನಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಕೀಲಿ ಅಕ್ಷರವನ್ನು ಬಿಟ್ಟು ಸ್ಥಾನವನ್ನು ಹೇಳುವ ಈ ಏರ್ಪಾಟಿನಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ. ಬೆರಳಚ್ಚು ಯಂತ್ರದಲ್ಲಿ ಕನ್ನಡ ಬೇಕಾದರೆ ಒಂದೊಂದು ಅಚ್ಚನ್ನೂ ಬೇರೆಯಾಗಿ ಎರಕ ಹೊಯ್ಯಬೇಕಿತ್ತು. ಗಣಕದಲ್ಲಿ ಮಣೆಯನ್ನು ಮುಟ್ಟದೆ, ಮೂವತ್ತನೆಯ ಸ್ಥಾನಕ್ಕೆ ಇನ್ನು ಮುಂದೆ ಈ ಅಕ್ಷರ ಎಂದು ಒಳಗೆ ಹೇಳಿದರೆ ಸಾಕು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಇಂದು ನಾಡಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಎಫ್ ಕೀಲಿ ಹಲಂತದ್ದು. ಅದು ವ್ಯಂಜನದ ಸ್ವರವನ್ನು ಕಳೆದು ಮುಂದಿನದಕ್ಕೆ ಒತ್ತಾಗಿಸುತ್ತದೆ. ಆ ಒಂದು ಕೀಲಿ ಸತ್ತರೆ ‘ಕನ್ನಡ’ ಎಂದು ಹೊಡೆದದ್ದು ‘ಕನನಡ’ ಆಗುತ್ತದೆ, ‘ಅಕ್ಕ’ ‘ಅಕಕ’ ಆಗುತ್ತಾಳೆ. ಒತ್ತಕ್ಷರಗಳೆಲ್ಲ ಮಾಯವಾದುವೆಂದು ತಂತ್ರಾಂಶವನ್ನೇ ಕಿತ್ತು ಮತ್ತೆ ಹಾಕುವವರನ್ನು ಕಂಡಿದ್ದೇನೆ. ಒಂದು ಇಂಗ್ಲಿಷ್ ವಾಕ್ಯವನ್ನು ಹೊಡೆದು ಎಫ್ ಮೂಡುತ್ತದೆಯೆ ಎಂದು ನೋಡಿದರೆ ನಿಜ ಬಯಲಾಗುತ್ತದೆ: ಅಲ್ಲಿಯೂ ಮೂಡದಿದ್ದರೆ ದೋಷ ಕೀಲಿಯದು, ಮೂಡಿದರೆ ತಂತ್ರಾಂಶದ್ದು.

ತಯಾರಕರು ತಾವೇ ತಪ್ಪಿದ ಉದಾಹರಣೆಗಳೂ ಇತಿಹಾಸದಲ್ಲಿವೆ. ಐ.ಬಿ.ಎಂ.ನವರು ೧೯೮೩ರಲ್ಲಿ ಪ್ರಕಟಿಸಿದ ಪಿ.ಸಿ. ಜೂನಿಯರ್ ಯಂತ್ರದ ಬಿಡಿಬಿಡಿಯಾದ ಚಪ್ಪಟೆ ಕೀಲಿಗಳನ್ನು ಜನ ಒಪ್ಪಲಿಲ್ಲ; ಮರುವರ್ಷವೇ ಕೊಂಡವರಿಗೆಲ್ಲ ಹೊಸ ಮಣೆಯನ್ನು ಪುಕ್ಕಟೆಯಾಗಿ ಕೊಡಬೇಕಾಯಿತು. ಮಣೆ ಬೇರೆಯಾಗಿದ್ದುದರಿಂದ ಕೊಡಲು ಬಂತು. ೨೦೧೫ರಲ್ಲಿ ಆಪಲ್ ಸಂಸ್ಥೆ ತನ್ನ ಮಡಿಲಗಣಕಗಳಿಗೆ ತಂದ ತೆಳುವಾದ ‘ಚಿಟ್ಟೆ’ ಕೀಲಿಗಳ ಕಥೆ ಬೇರೆ. ಧೂಳಿನ ಕಣ ಸೇರಿದರೂ ಕೀಲಿ ಅಂಟುವುದು, ಒಂದು ಅಕ್ಷರ ಎರಡಾಗಿ ಬೀಳುವುದು. ೨೦೧೮ರಲ್ಲಿ ಪುಕ್ಕಟೆ ದುರಸ್ತಿಯ ಏರ್ಪಾಡಾಯಿತು, ೨೦೧೯ರಿಂದ ಆ ವಿನ್ಯಾಸವನ್ನು ಕೈಬಿಡತೊಡಗಿದರು, ೨೦೨೨ರಲ್ಲಿ ಮೊಕದ್ದಮೆಯೊಂದನ್ನು ಐದು ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ಅಲ್ಲಿ ಮಣೆ ಗಣಕದ ಮೇಲ್ಹೊದಿಕೆಗೇ ಬೆಸೆದುಕೊಂಡಿತ್ತು. ಒಂದು ಕೀಲಿಯ ದೋಷಕ್ಕಾಗಿ ಇಡೀ ಮೇಲ್ಭಾಗವನ್ನು ಬದಲಿಸಬೇಕಾಗಿ ಬಂದ ಸಂದರ್ಭಗಳುಂಟು.

ಎಂಬತ್ತರ ದಶಕದ ನಡುವೆ ಐ.ಬಿ.ಎಂ.ನವರು ಮಾಡಿದ ೧೦೧ ಕೀಲಿಗಳ ಗಟ್ಟಿ ಮಣೆಗಳು ಅಲ್ಲಲ್ಲಿ ಈಗಲೂ ಕೆಲಸ ಮಾಡುತ್ತಿವೆ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ಅವುಗಳ ತಯಾರಿಕೆಯನ್ನು ೧೯೯೬ರಲ್ಲಿ ಯೂನಿಕಾಂಪ್ ಎಂಬ ಚಿಕ್ಕ ಸಂಸ್ಥೆ ವಹಿಸಿಕೊಂಡಿತು. ಹಳೆಯ ಮಣೆಯ ತಂತಿಯ ತುದಿಗೆ, ಅದರ ಸ್ಥಾನಸಂಖ್ಯೆಗಳನ್ನು ಯು.ಎಸ್.ಬಿ.ಗೆ ತಿಳಿಯುವಂತೆ ಮಾರ್ಪಡಿಸುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಸಿಕ್ಕಿಸಿದರೆ, ಇಂದಿನ ಗಣಕದಲ್ಲಿಯೂ ಅದು ಟಕಟಕನೆ ಮಾತಾಡುತ್ತದೆ.